ಟೀವಿ ಪಕ್ಕದ ಕಂಪ್ಯೂಟರ್: ಅಗ್ಗದ ಬಿಡಿಭಾಗಗಳ ಕಥೆ

2007ರ ಮಧ್ಯಭಾಗದಲ್ಲಿ ಎಚ್‌ಡಿ ಸಿನಿಮಾ ನೋಡಲೆಂದು ಕಂಪ್ಯೂಟರ್ ಜೋಡಿಸಲು ಹೊರಟವರಿಗೆ ಒಂದು ವಿಚಿತ್ರ ಎದುರಾಯಿತು. ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ 8800 ಜಿಟಿಎಕ್ಸ್ ಆಗ ಗೇಮ್ ಆಡುವವರ ಕನಸಿನ ಗ್ರಾಫಿಕ್ಸ್ ಕಾರ್ಡ್. 2006ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅದು 599 ಡಾಲರ್ ಬೆಲೆಗೆ ಬಂದಿತ್ತು. ಆದರೆ ಬ್ಲೂ-ರೇ ಡಿಸ್ಕುಗಳಲ್ಲಿ ಬಳಕೆಗೆ ಬರುತ್ತಿದ್ದ ಎಚ್.264 ಎಂಬ ಹೊಸ ವಿಡಿಯೊ ಫಾರ್ಮ್ಯಾಟನ್ನು ಪೂರ್ತಿಯಾಗಿ ಬಿಡಿಸುವ ಸರ್ಕ್ಯೂಟ್ ಅದರಲ್ಲಿ ಇರಲಿಲ್ಲ. ಅದೇ ಮನೆತನದ ಬಡ ತಮ್ಮಂದಿರಾದ 8500 ಮತ್ತು 8600 ಕಾರ್ಡುಗಳು 2007ರ ಏಪ್ರಿಲಿನಲ್ಲಿ ಬಂದಾಗ ಆ ಸರ್ಕ್ಯೂಟನ್ನು ಜೊತೆಗೇ ತಂದವು. ಎದುರಾಳಿ ಎಎಂಡಿಯಲ್ಲೂ ಇದೇ ಕಥೆ. ಅದರ 399 ಡಾಲರಿನ ಎಚ್‌ಡಿ 2900 ಎಕ್ಸ್‌ಟಿ ಕಾರ್ಡಿಗೆ ಈ ಕೆಲಸ ಬರುತ್ತಿರಲಿಲ್ಲ; ಅದೇ ಸಾಲಿನ, 100 ಡಾಲರಿಗಿಂತ ಕಡಿಮೆ ಬೆಲೆಯ ಎಚ್‌ಡಿ 2400ಕ್ಕೆ ಬರುತ್ತಿತ್ತು.

ಕಾಸಿಗೆ ತಕ್ಕ ಕಜ್ಜಾಯ ಎನ್ನುವ ಮಾತು ಅಲ್ಲಿ ತಲೆಕೆಳಗಾಗಿತ್ತು. ದುಬಾರಿ ಕಾರ್ಡ್ ಕೊಳ್ಳುವವರ ಬಳಿ ಹೇಗೂ ದುಬಾರಿ ಪ್ರೊಸೆಸರ್ ಇರುತ್ತದೆ, ಸಿನಿಮಾದ ಭಾರವನ್ನು ಅದೇ ಹೊರುತ್ತದೆ ಎಂದುಕೊಂಡರೆ ಈ ಏರ್ಪಾಡಿಗೆ ಅರ್ಥವಿದೆ. ಸಾಧಾರಣ ಪ್ರೊಸೆಸರ್ ಇದ್ದವರಿಗೇ ಆ ಸರ್ಕ್ಯೂಟಿನ ಅಗತ್ಯ ಹೆಚ್ಚು. ಹೀಗಾಗಿ ಟೀವಿ ಪಕ್ಕದಲ್ಲಿಡುವ ಕಂಪ್ಯೂಟರಿಗೆ ಆ ವರ್ಷ ಸರಿಯಾದ ಆಯ್ಕೆ ಅಂಗಡಿಯ ಕೆಳಗಿನ ಕಪಾಟಿನಲ್ಲಿತ್ತು.

ಹೋಮ್ ಥಿಯೇಟರ್ ಕಂಪ್ಯೂಟರಿನ ಇತಿಹಾಸದಲ್ಲಿ ಇಂಥ ಪ್ರಸಂಗ ಮತ್ತೆ ಮತ್ತೆ ಬರುತ್ತದೆ. ಚಿತ್ರ ಬಿಡಿಸುವ ಕೆಲಸವನ್ನು ಪೆಟ್ಟಿಗೆಯೊಳಗೆ ಯಾರು ಮಾಡುತ್ತಾರೆ ಎಂದು ತಿಳಿದವರು ಕಡಿಮೆ ದುಡ್ಡಿನಲ್ಲಿ ಗೆದ್ದರು, ತಿಳಿಯದವರು ಹೆಚ್ಚು ಕೊಟ್ಟೂ ತಡವರಿಸುವ ಚಿತ್ರ ನೋಡಿದರು. ಕೊನೆಕೊನೆಗೆ ಮಾತ್ರ ಈ ಲೆಕ್ಕ ಕೈಕೊಟ್ಟಿತು. ಬಿಡಿಭಾಗಗಳ ಬೆಲೆ ಇಳಿಯುತ್ತಲೇ ಹೋದರೂ ಅವುಗಳೊಳಗೆ ಬರಬೇಕಾದ ಸಿಗ್ನಲ್ಲಿಗೆ ಬೀಗ ಬಿತ್ತು.

ಆಳು ಮತ್ತು ಗ್ರೈಂಡರ್

ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಟೀವಿ ಚಿತ್ರವನ್ನು ಡಿಜಿಟಲ್ ಮಾಡಿದರೆ ಒಂದು ಚೌಕಟ್ಟಿನಲ್ಲಿ 720 ಅಡ್ಡ, 576 ಉದ್ದ ಚುಕ್ಕೆಗಳಿರುತ್ತವೆ. ಸೆಕೆಂಡಿಗೆ ಅಂಥ 25 ಚೌಕಟ್ಟುಗಳು. ಬಣ್ಣದ ಮಾಹಿತಿಯಲ್ಲಿ ಸಾಕಷ್ಟು ಜಿಪುಣತನ ಮಾಡಿ ಚುಕ್ಕೆಗೆ ಒಂದೂವರೆ ಬೈಟ್ ಎಂದು ಇಟ್ಟುಕೊಂಡರೂ ಸೆಕೆಂಡಿಗೆ 15 ಮೆಗಾಬೈಟ್ ದಾಟುತ್ತದೆ, ಗಂಟೆಗೆ 50 ಗಿಗಾಬೈಟ್ ದಾಟುತ್ತದೆ. ಇದನ್ನು ಹಾಗೇ ತುಂಬಿಡಲು ಆಗದು. ಅದಕ್ಕೇ ಎಂಪೆಗ್ ಎಂಬ ಪದ್ಧತಿಗಳು ಬಂದವು. ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಬದಲಾದದ್ದನ್ನು ಮಾತ್ರ ಬರೆದಿಟ್ಟುಕೊಂಡು, ಕಣ್ಣಿಗೆ ಗೊತ್ತಾಗದ ವಿವರ ಬಿಟ್ಟುಬಿಟ್ಟು, ಅದೇ ಒಂದು ಗಂಟೆಯ ಚಿತ್ರವನ್ನು ಎಂಪೆಗ್-2 ಸುಮಾರು 2 ಗಿಗಾಬೈಟಿಗೆ ಇಳಿಸುತ್ತದೆ.

ಮಡಿಸಿದ್ದನ್ನು ನೋಡುವಾಗ ಬಿಚ್ಚಬೇಕು, ಅದೂ ಸೆಕೆಂಡಿಗೆ 25 ಸಲ, ಒಂದೂ ತಪ್ಪದಂತೆ. ಈ ಕೆಲಸಕ್ಕೆ ಎರಡು ದಾರಿ. ಪ್ರೊಸೆಸರ್ ಎಂದರೆ ಯಾವ ಕೆಲಸ ಹೇಳಿದರೂ ಮಾಡುವ ಆಳು. ಪ್ರೋಗ್ರಾಂ ಬರೆದುಕೊಟ್ಟರೆ ಇದನ್ನೂ ಮಾಡುತ್ತಾನೆ, ಬೆವರು ಸುರಿಸುತ್ತಾನೆ. ಇನ್ನೊಂದು ದಾರಿ, ಇದೊಂದಕ್ಕೇ ಕೆತ್ತಿದ ಸರ್ಕ್ಯೂಟ್. ಅದು ಇಡ್ಲಿ ಹಿಟ್ಟಿನ ಗ್ರೈಂಡರಿನಂತೆ. ಬೇರೇನೂ ಬಾರದು, ಆದರೆ ಈ ಕೆಲಸ ಮಾತ್ರ ಕಡಿಮೆ ಕರೆಂಟಿನಲ್ಲಿ, ಹೆಚ್ಚು ಬಿಸಿಯಾಗದೆ ಮುಗಿಯುತ್ತದೆ. ಎಷ್ಟು ದುಡ್ಡು ಹಾಕಬೇಕು, ಎಲ್ಲಿ ಹಾಕಬೇಕು ಎನ್ನುವುದೆಲ್ಲ ಈ ಇಬ್ಬರಲ್ಲಿ ಯಾರನ್ನು ನೆಚ್ಚಿಕೊಳ್ಳುವುದು ಎಂಬುದಕ್ಕೆ ಬಂದು ನಿಲ್ಲುತ್ತಿತ್ತು.

ವಿಡಿಯೊ ಸಿಡಿಯ ಮಾನಕ ಬಂದದ್ದು 1993ರಲ್ಲಿ. ಅದರ ಎಂಪೆಗ್-1 ಚಿತ್ರ ಬಿಡಿಸಲು ಆ ಕಾಲದ ಕಂಪ್ಯೂಟರಿಗೆ ಪ್ರತ್ಯೇಕ ಕಾರ್ಡ್ ಬೇಕಿತ್ತು. ಕೆಲವೇ ವರ್ಷಗಳಲ್ಲಿ ಪೆಂಟಿಯಂ ಪ್ರೊಸೆಸರ್ ಆ ಕೆಲಸವನ್ನು ತಾನೇ ಮಾಡತೊಡಗಿತು, ಕಾರ್ಡು ಮೂಲೆಗೆ ಬಿತ್ತು. 1996ರ ನವೆಂಬರಿನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಡಿವಿಡಿ ಬಂತು. ಅದರ ಎಂಪೆಗ್-2 ಇನ್ನೂ ಭಾರ. ಮತ್ತೆ ಪ್ರತ್ಯೇಕ ಕಾರ್ಡುಗಳು ಬಂದವು. ಕ್ರಿಯೇಟಿವ್ ಕಂಪನಿಯ ಡಿವಿಡಿ ಕಿಟ್, ಸಿಗ್ಮಾ ಡಿಸೈನ್ಸ್‌ನ ಹಾಲಿವುಡ್ ಪ್ಲಸ್ ಆಗಿನ ಹೆಸರುಗಳು. ಪೆಂಟಿಯಂ-2 ಬಲಿತ ಮೇಲೆ ಅವೂ ಹೋದವು. ಭಾರದ ಒಂದಷ್ಟು ಪಾಲನ್ನು ಮಾಮೂಲಿ ಗ್ರಾಫಿಕ್ಸ್ ಚಿಪ್ಪೇ ಬಿಟ್ಟಿಯಾಗಿ ಹೊತ್ತುಕೊಂಡಿತು. ಮೊದಲು ದುಬಾರಿ ಕಾರ್ಡ್, ಆಮೇಲೆ ಬೆವರುವ ಪ್ರೊಸೆಸರ್, ಕೊನೆಗೆ ಬೇರೊಂದು ಚಿಪ್ಪಿನ ಮೂಲೆಯಲ್ಲಿ ಪುಕ್ಕಟೆ ಜಾಗ. ಪ್ರತಿ ಹೊಸ ಫಾರ್ಮ್ಯಾಟೂ ಹೆಚ್ಚುಕಡಿಮೆ ಈ ದಾರಿಯಲ್ಲೇ ನಡೆಯಿತು. ಎರಡು ವರ್ಷ ಕಾಯಬಲ್ಲವರಿಗೆ ಅರ್ಧ ಖರ್ಚು ಉಳಿಯುತ್ತಿತ್ತು.

ಈ ತಿಳಿವಳಿಕೆ ಇಲ್ಲದೆ ಕಂಪ್ಯೂಟರನ್ನು ಹಾಲಿಗೆ ತಂದವರೂ ಉಂಟು. 1996ರಲ್ಲಿ ಅಮೆರಿಕದ ಗೇಟ್‌ವೇ 2000 ಕಂಪನಿ ಡೆಸ್ಟಿನೇಶನ್ ಎಂಬ ಯಂತ್ರ ಮಾರಿತು. 31 ಇಂಚಿನ ಭಾರೀ ಮಾನಿಟರ್, ತಂತಿಯಿಲ್ಲದ ಕೀಬೋರ್ಡ್, ಟೀವಿ ಟ್ಯೂನರ್ ಎಲ್ಲ ಸೇರಿ ಬೆಲೆ 4,000 ಡಾಲರಿನ ಆಸುಪಾಸು. ಸೋಫಾದಲ್ಲಿ ಕೂತು ಕಂಪ್ಯೂಟರ್ ನೋಡುವ ಕಲ್ಪನೆ ಸರಿಯಾಗಿಯೇ ಇತ್ತು, ಮಧ್ಯಮವರ್ಗದ ಮನೆಗೆ ಆ ಬೆಲೆ ಎಟುಕಲಿಲ್ಲ.

54 ಮೆಗಾಹರ್ಟ್ಸ್‌ನ ಪಾಠ

ಕಡಿಮೆ ಖರ್ಚಿನ ದಾರಿಯನ್ನು ತೋರಿಸಿದ್ದು ಕಂಪ್ಯೂಟರ್ ಎಂದು ಕರೆಸಿಕೊಳ್ಳದ ಪೆಟ್ಟಿಗೆ. 1999ರ ಮಾರ್ಚಿನಲ್ಲಿ ಟಿವೊ ಮಾರುಕಟ್ಟೆಗೆ ಬಂತು. ನೇರಪ್ರಸಾರವನ್ನು ತಡೆದು ನಿಲ್ಲಿಸಿ, ಕಾಫಿ ಮಾಡಿಕೊಂಡು ಬಂದು, ಬಿಟ್ಟಲ್ಲಿಂದ ನೋಡಬಹುದಿತ್ತು. ಬೇಕಾದ ಧಾರಾವಾಹಿಯ ಹೆಸರು ಹೇಳಿಟ್ಟರೆ ತಾನೇ ಹುಡುಕಿ ರೆಕಾರ್ಡ್ ಮಾಡುತ್ತಿತ್ತು. ಒಳಗಿದ್ದದ್ದು 54 ಮೆಗಾಹರ್ಟ್ಸ್‌ನ ಪವರ್‌ಪಿಸಿ ಪ್ರೊಸೆಸರ್, 16 ಮೆಗಾಬೈಟ್ ಮೆಮೊರಿ, ಮೇಲೆ ಲಿನಕ್ಸ್. ಅದೇ ವರ್ಷ ಮೇಜಿನ ಮೇಲಿನ ಕಂಪ್ಯೂಟರುಗಳು 500 ಮೆಗಾಹರ್ಟ್ಸ್ ದಾಟಿದ್ದವು, ಆದರೂ ಟೀವಿ ರೆಕಾರ್ಡ್ ಮಾಡುವಾಗ ಏದುಸಿರು ಬಿಡುತ್ತಿದ್ದವು. ಗುಟ್ಟು ಇಷ್ಟೇ: ಟಿವೊ ಒಳಗೆ ಎಂಪೆಗ್-2 ಮಡಿಸಲು ಒಂದು ಚಿಪ್, ಬಿಚ್ಚಲು ಇನ್ನೊಂದು ಚಿಪ್ ಇತ್ತು. ಪ್ರೊಸೆಸರಿಗೆ ಉಳಿದದ್ದು ಮೇಸ್ತ್ರಿ ಕೆಲಸ ಮಾತ್ರ.

ಟಿವೊಗೆ ತಿಂಗಳ ಚಂದಾ ಕಟ್ಟಬೇಕಿತ್ತು. ರೆಕಾರ್ಡ್ ಮಾಡಿದ್ದು ಆ ಪೆಟ್ಟಿಗೆಯೊಳಗೇ ಇರುತ್ತಿತ್ತು. ಇದಕ್ಕೆ ಉತ್ತರ ಹುಡುಕಿದವರ ವರ್ಷ 2002. ಆ ಏಪ್ರಿಲಿನಲ್ಲಿ ಐಸಾಕ್ ರಿಚರ್ಡ್ಸ್ ಎಂಬ ಪ್ರೋಗ್ರಾಮರ್, ತನ್ನ ಕೇಬಲ್ ಕಂಪನಿ ಕೊಟ್ಟಿದ್ದ ಪೆಟ್ಟಿಗೆ ಹಿಡಿಸದೆ, ಮಿಥ್‌ಟೀವಿ ಎಂಬ ಮುಕ್ತ ತಂತ್ರಾಂಶ ಬರೆಯಲು ಶುರುಮಾಡಿದ. ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರ್ ಆವೃತ್ತಿ ಬಿಟ್ಟಿತು, ಆದರೆ ಮೊದಲಿಗೆ ಅದನ್ನು ಹೊಸ ಕಂಪ್ಯೂಟರಿನ ಜೊತೆ ಮಾತ್ರ ಕೊಡುತ್ತಿತ್ತು. ಅದೇ ಹೊತ್ತಿಗೆ ಇನ್ನೊಂದು ಗುಂಪು ಮೈಕ್ರೋಸಾಫ್ಟ್‌ನದೇ ಎಕ್ಸ್‌ಬಾಕ್ಸ್ ಆಟದ ಯಂತ್ರದ ಬೀಗ ತೆಗೆದು, ಅದರ 733 ಮೆಗಾಹರ್ಟ್ಸ್ ಪ್ರೊಸೆಸರ್ ಮತ್ತು 64 ಮೆಗಾಬೈಟ್ ಮೆಮೊರಿಯಲ್ಲಿ ಸಿನಿಮಾ ತೋರಿಸುವ ತಂತ್ರಾಂಶ ಕಟ್ಟಿತು. ಅದು ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ ಬೆಳೆದು, 2014ರಲ್ಲಿ ಕೋಡಿ ಎಂದು ಹೆಸರು ಬದಲಿಸಿಕೊಂಡು ಈಗಲೂ ಇದೆ.

ಮಿಥ್‌ಟೀವಿ ಬಳಸುವವರ ನಡುವೆ ಬಿಡಿಭಾಗಗಳ ಆಯ್ಕೆಗೆ ಒಂದು ಸೂತ್ರ ರೂಢಿಯಾಯಿತು. ಬ್ರೂಕ್‌ಟ್ರೀ 878 ಚಿಪ್ ಇರುವ ಅಗ್ಗದ ಟ್ಯೂನರ್ ಕಾರ್ಡ್ ಚಿತ್ರವನ್ನು ಹಸಿಹಸಿಯಾಗಿ ಕಂಪ್ಯೂಟರಿಗೆ ಸುರಿಯುತ್ತದೆ, ಮಡಿಸುವ ಕೆಲಸ ಪ್ರೊಸೆಸರಿನ ತಲೆಗೆ. ಹಾಪಾಗ್ ಕಂಪನಿಯ ಪಿವಿಆರ್-250 ಕೊಂಚ ದುಬಾರಿ, ಆದರೆ ಮಡಿಸಿಯೇ ಕೊಡುತ್ತದೆ. ಕಾರ್ಡಿಗೆ ಹೆಚ್ಚು ಕೊಟ್ಟರೆ ಹೊಸ ಪ್ರೊಸೆಸರ್ ಕೊಳ್ಳುವ ಖರ್ಚೇ ತಪ್ಪಿ, ಅಟ್ಟದ ಮೇಲಿದ್ದ ಹಳೆಯ ಪೆಂಟಿಯಂ-3 ಸಾಕಾಗುತ್ತಿತ್ತು. ಹೀಗೆ ಒಂದು ಕಡೆ ಕೈ ಬಿಚ್ಚಿ ಇನ್ನೊಂದು ಕಡೆ ಉಳಿಸುವುದು ಈ ಹವ್ಯಾಸದ ಜಾಣ್ಮೆಯಾಗಿತ್ತು. ಹಾಲಿನಲ್ಲಿ ಇಡುವ ಯಂತ್ರವಾದ್ದರಿಂದ ಫ್ಯಾನಿನ ಸದ್ದೂ ಲೆಕ್ಕಕ್ಕೆ ಬರುತ್ತಿತ್ತು. ಸಿನಿಮಾದಲ್ಲಿ ಪಿಸುಮಾತಿನ ದೃಶ್ಯ ಬಂದಾಗ ಪೆಟ್ಟಿಗೆ ಗೊರಗೊರ ಎಂದರೆ ಮನೆಯವರು ಸುಮ್ಮನಿರುತ್ತಾರೆಯೇ? ತೈವಾನಿನ ವಿಯಾ ಕಂಪನಿ 17 ಸೆಂಟಿಮೀಟರ್ ಚೌಕದ ಮಿನಿ-ಐಟಿಎಕ್ಸ್ ಮದರ್‌ಬೋರ್ಡ್ ತಂದಾಗ ಅದಕ್ಕೆ ಮುಗಿಬಿದ್ದವರಲ್ಲಿ ಈ ಜನರೂ ಇದ್ದರು. ಅದರ ಪ್ರೊಸೆಸರ್ ನಿಧಾನ, ಆದರೆ ತಣ್ಣಗೆ. ಮುಂದಿನ ಬೋರ್ಡುಗಳಲ್ಲಿ ಎಂಪೆಗ್-2 ಬಿಡಿಸುವ ನೆರವು ಚಿಪ್‌ಸೆಟ್ಟಿನಲ್ಲೇ ಇತ್ತು.

ಬೀಗದ ಮೊದಲ ಸದ್ದು

ಮನೆಯಲ್ಲಿ ಟೀವಿ ಕಾರ್ಯಕ್ರಮ ರೆಕಾರ್ಡ್ ಮಾಡಿ ಆಮೇಲೆ ನೋಡುವುದು ತಪ್ಪಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲೇ, ಸೋನಿಯ ಬೀಟಾಮ್ಯಾಕ್ಸ್ ಮೊಕದ್ದಮೆಯಲ್ಲಿ, ಹೇಳಿತ್ತು. ತೀರ್ಪು ಬಂದದ್ದು ಐದಕ್ಕೆ ನಾಲ್ಕು ಮತಗಳಿಂದ. ಪ್ರಸಾರ ಡಿಜಿಟಲ್ ಆಗತೊಡಗಿದಾಗ ಆ ಹಕ್ಕು ಮತ್ತೆ ಅಲುಗಾಡಿತು. 2003ರ ನವೆಂಬರಿನಲ್ಲಿ ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ ಒಂದು ನಿಯಮ ಮಾಡಿತು. ಪ್ರಸಾರದ ಒಳಗೆ ಒಂದು ಗುರುತು ಇಟ್ಟರೆ, 2005ರ ಜುಲೈ 1ರ ನಂತರ ತಯಾರಾಗುವ ಡಿಜಿಟಲ್ ಟ್ಯೂನರುಗಳು ಆ ಗುರುತಿಗೆ ತಲೆಬಾಗಿ, ಕಾರ್ಯಕ್ರಮ ಹೊರಗೆ ಹರಡದಂತೆ ತಡೆಯಬೇಕು. ಬ್ರಾಡ್‌ಕಾಸ್ಟ್ ಫ್ಲ್ಯಾಗ್ ಎಂಬುದು ಅದರ ಹೆಸರು.

ಸ್ವತಃ ಜೋಡಿಸಿದ, ಮುಕ್ತ ತಂತ್ರಾಂಶದ ಕಂಪ್ಯೂಟರಿಗೆ ಇದು ಕುತ್ತಿಗೆಗೆ ಬಂದ ಸಂಗತಿ. ಗಡುವಿನ ಮೊದಲೇ ಟ್ಯೂನರ್ ಕಾರ್ಡ್ ಕೊಂಡಿಟ್ಟುಕೊಳ್ಳಿ, ಮಿಥ್‌ಟೀವಿ ಹಾಕಿಕೊಳ್ಳಿ ಎಂದು ಡಿಜಿಟಲ್ ಹಕ್ಕುಗಳ ಸಂಘಟನೆ ಇಎಫ್‌ಎಫ್ ಪ್ರಚಾರ ಮಾಡಿತು. ಒಂದು ಕಾರ್ಡಿನ ಖರೀದಿಗೆ ರಾಜಕೀಯ ಅರ್ಥ ಬಂದಿತ್ತು. ಗ್ರಂಥಾಲಯಗಳ ಸಂಘ ಮುಂದಾಳಾಗಿ ಹೂಡಿದ ಮೊಕದ್ದಮೆಯಲ್ಲಿ 2005ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ, ಇಂಥ ನಿಯಮ ಮಾಡುವ ಅಧಿಕಾರವೇ ಆಯೋಗಕ್ಕಿಲ್ಲ ಎಂದಿತು. ಆಂಟೆನಾದಲ್ಲಿ ಬರುವ ಟೀವಿ ಹಾಗೆ ಉಳಿಯಿತು. ಕೇಬಲ್‌ನ ಡಿಜಿಟಲ್ ಚಾನೆಲ್‌ಗಳು ಮಾತ್ರ ಒಳಬಾರದೆ ನಿಂತವು. ಅದಕ್ಕೆ ಬೇಕಾದ ಕೇಬಲ್‌ಕಾರ್ಡ್ ಟ್ಯೂನರನ್ನು ಹಲವು ವರ್ಷ, ಪ್ರಮಾಣಪತ್ರ ಪಡೆದ ಕಂಪನಿ ಕಂಪ್ಯೂಟರುಗಳಿಗೆ ಮಾತ್ರ ಕೊಡುತ್ತಿದ್ದರು. ಮನೆಯಲ್ಲಿ ಜೋಡಿಸಿದ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಹೊರಗಿನದೇ.

ನಮ್ಮ ಕಡೆಯ ತಿರುವು

ಭಾರತದಲ್ಲಿ ಕಥೆ ತಿರುಗುಮುರುಗಾಗಿ ನಡೆಯಿತು. ಅಲ್ಲಿ ದೊಡ್ಡ ಟೀವಿಗೆ ಕಂಪ್ಯೂಟರ್ ತರಲು ಹೆಣಗಿದರೆ, ಇಲ್ಲಿ ಒಂದೇ ಪರದೆ ಕೊಳ್ಳಲು ದುಡ್ಡಿದ್ದವರು ಕಂಪ್ಯೂಟರ್ ಮಾನಿಟರನ್ನೇ ಟೀವಿ ಮಾಡಿಕೊಂಡರು. ಪುಣೆ, ಹೈದರಾಬಾದ್, ಚೆನ್ನೈಗಳ ಬಾಡಿಗೆ ಕೋಣೆಗಳಲ್ಲಿ, ಹಾಸ್ಟೆಲುಗಳಲ್ಲಿ ಮಾನಿಟರಿನ ಹಿಂದೆ ಒಂದು ಪುಟ್ಟ ಟ್ಯೂನರ್ ಪೆಟ್ಟಿಗೆ. ಅದಕ್ಕೆ ಕೇಬಲ್ ಚುಚ್ಚಿದರೆ ಕಂಪ್ಯೂಟರ್ ಆಫ್ ಇದ್ದರೂ ಟೀವಿ ಬರುತ್ತಿತ್ತು. ಬಿಡಿಭಾಗಗಳಿಗೆ ಊರೂರಿಗೆ ಒಂದು ಬೀದಿ: ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರಸ್ತೆ. ಅಂಗಡಿಯವರೇ ಜೋಡಿಸಿಕೊಡುವ ಅಸೆಂಬಲ್ಡ್ ಕಂಪ್ಯೂಟರು ಇಲ್ಲಿ ಹವ್ಯಾಸಿಗಳ ವಿಶೇಷವಾಗಿರಲಿಲ್ಲ, ಸಾಮಾನ್ಯ ಸಂಸಾರದ ಆಯ್ಕೆಯೇ ಅದಾಗಿತ್ತು.

ಕೇಬಲ್ ಆಗ ಅನಲಾಗ್. ಮನೆಗೆ ಬಂದ ತಂತಿಯಲ್ಲಿ ಏನೇನಿದೆಯೋ ಅಷ್ಟೂ ಬೀಗವಿಲ್ಲದೆ ಟ್ಯೂನರ್ ಕಾರ್ಡಿಗೆ ಸಿಗುತ್ತಿತ್ತು. 1994ರಲ್ಲಿ ಶುರುವಾದ ಉದಯ ಟೀವಿ ಮುಂಬಯಿಯ ಯಾವ ಬಡಾವಣೆಯಲ್ಲಿ ಬರುತ್ತದೆ ಎನ್ನುವುದು ಕೇಬಲ್‌ನವನ ಮರ್ಜಿ. ಬಂದರೆ ರೆಕಾರ್ಡ್ ಮಾಡಲು ಯಾರ ಅಪ್ಪಣೆಯೂ ಬೇಡ. 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಡಿಟಿಎಚ್ ಸೇವೆ ಡಿಡಿ ಡೈರೆಕ್ಟ್ ಪ್ಲಸ್ ಶುರುವಾಯಿತು. ಅದರ ಸಿಗ್ನಲ್ಲಿಗೆ ಬೀಗವಿರಲಿಲ್ಲ. ಒಂದು ತಟ್ಟೆ, ಉಪಗ್ರಹದ ಸಿಗ್ನಲ್ ಹಿಡಿಯುವ ಒಂದು ಡಿವಿಬಿ-ಎಸ್ ಕಾರ್ಡ್ ಇದ್ದರೆ ಕಂಪ್ಯೂಟರೇ ಸೆಟ್ ಟಾಪ್ ಬಾಕ್ಸ್. ಸಿಗ್ನಲ್ ಮಡಿಸಿಕೊಂಡೇ ಬರುವುದರಿಂದ ರೆಕಾರ್ಡ್ ಮಾಡುವುದೆಂದರೆ ಬಂದದ್ದನ್ನು ಹಾಗೇ ಡಿಸ್ಕಿಗೆ ಬರೆದುಕೊಳ್ಳುವುದು, ಅಷ್ಟೇ. ಇದಕ್ಕೆ ಎಷ್ಟು ಬಡ ಪ್ರೊಸೆಸರಾದರೂ ನಡೆಯುತ್ತಿತ್ತು.

ಐದು ಪಟ್ಟು ಚುಕ್ಕೆಗಳು

ಪೂರ್ಣ ಎಚ್‌ಡಿ ಚಿತ್ರದಲ್ಲಿ 1920 ಅಡ್ಡ, 1080 ಉದ್ದ ಚುಕ್ಕೆಗಳು, ಪಾಲ್ ಚಿತ್ರದ ಸರಿಯಾಗಿ ಐದು ಪಟ್ಟು. ಜೊತೆಗೆ 2003ರಲ್ಲಿ ಅಂತಿಮಗೊಂಡ ಎಚ್.264, ಎಂಪೆಗ್-2ಕ್ಕಿಂತ ಬಿಗಿಯಾಗಿ ಮಡಿಸುತ್ತದೆ, ಬಿಚ್ಚಲು ಅಷ್ಟೇ ಕಷ್ಟ. ಹೆಸರುವಾಸಿ ಪೆಂಟಿಯಂ-4 ಕೂಡ ಇದರ ಮುಂದೆ ಸೋತಿತು. ಮೊದಲು ಹೇಳಿದ 2007ರ ಅಗ್ಗದ ಕಾರ್ಡುಗಳು ಬಂದದ್ದು ಈ ಹೊತ್ತಿನಲ್ಲಿ.

ಮರುವರ್ಷವೇ ಆ ಕಾರ್ಡೂ ಬೇಡವಾಯಿತು. 2008ರ ಮಾರ್ಚಿನಲ್ಲಿ ಎಎಂಡಿಯ 780ಜಿ ಚಿಪ್‌ಸೆಟ್ ಬಂದಾಗ ಆ ಸರ್ಕ್ಯೂಟು ಮದರ್‌ಬೋರ್ಡಿನೊಳಗೇ ಕೂತಿತ್ತು; ಬೋರ್ಡಿನ ಬೆಲೆ 100 ಡಾಲರಿನೊಳಗೆ. ಅದೇ ವರ್ಷ ಬಂದ ಇಂಟೆಲ್ ಆಟಮ್ ಪ್ರೊಸೆಸರ್ ಒಬ್ಬಂಟಿಯಾಗಿ ಎಚ್‌ಡಿ ಚಿತ್ರ ಓಡಿಸಲಾರದು. ಎನ್‌ವಿಡಿಯಾದ ಅಯಾನ್ ಚಿಪ್‌ಸೆಟ್ಟಿನ ಜೊತೆ ಇಟ್ಟರೆ ಅದೇ ಆಟಮ್, ಪುಸ್ತಕದಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಕೂತು, ಬ್ಲೂ-ರೇ ಮಟ್ಟದ ಚಿತ್ರ ತೋರಿಸುತ್ತಿತ್ತು. 2011ರ ಜನವರಿಯಲ್ಲಿ ಬಂದ ಎಎಂಡಿ ಇ-350ರಲ್ಲಿ ಪ್ರೊಸೆಸರು, ಗ್ರಾಫಿಕ್ಸು ಎರಡೂ ಒಂದೇ ಚಿಪ್ಪು, ಬಳಕೆ 18 ವಾಟ್‌ಗೆ ಸೀಮಿತ.

ದುಬಾರಿಯದು ಒಳ್ಳೆಯದಲ್ಲ ಎನ್ನಲು ಇನ್ನೊಂದು ಸಾಕ್ಷಿಯೂ ಆಗಲೇ ಸಿಕ್ಕಿತು. ಡಿಸ್ಕಿನಲ್ಲಿ ಬರುವ ಸಿನಿಮಾಗಳು ಸೆಕೆಂಡಿಗೆ 24 ಚೌಕಟ್ಟು ಎಂದು ರೂಢಿಯ ಮಾತು, ನಿಜವಾಗಿ 23.976. ಇಂಟೆಲ್‌ನ 2010ರ ಪ್ರೊಸೆಸರುಗಳ ಒಳಗಿನ ಗ್ರಾಫಿಕ್ಸು ಟೀವಿಗೆ ಸರಿಯಾಗಿ 24 ಎಂದೇ ಕಳಿಸುತ್ತಿತ್ತು. ವ್ಯತ್ಯಾಸ ಕೂಡುತ್ತ ಹೋಗಿ ಸುಮಾರು 40 ಸೆಕೆಂಡಿಗೊಮ್ಮೆ ಒಂದು ಚೌಕಟ್ಟು ಎಡವುತ್ತಿತ್ತು. ಕ್ಯಾಮೆರಾ ನಿಧಾನವಾಗಿ ಬಯಲಿನ ಮೇಲೆ ಹಾಯುವಾಗ ಚಿತ್ರ ಒಮ್ಮೆ ಜಗ್ಗಿದಂತಾಗುತ್ತಿತ್ತು. ಪ್ರೊಸೆಸರಿನ ವೇಗ ಎಷ್ಟಿದ್ದರೂ ಇದಕ್ಕೆ ಮದ್ದಿರಲಿಲ್ಲ. ಈ ತೊಂದರೆ ಬಹುಮಟ್ಟಿಗೆ ತೀರಿದ್ದು 2013ರ ಹ್ಯಾಸ್‌ವೆಲ್ ಪೀಳಿಗೆಯಲ್ಲಿ.

ಅಗ್ಗದ ದಾರಿಯ ಕೊನೆಯ ಮೆಟ್ಟಿಲು 2012ರ ಫೆಬ್ರವರಿ 29ರಂದು ಬಂದ ರಾಸ್ಪ್‌ಬೆರಿ ಪೈ. ಬೆಲೆ 35 ಡಾಲರ್. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲು ಬ್ರಿಟನ್ನಿನಲ್ಲಿ ರೂಪಿಸಿದ್ದು. ಅದರ 700 ಮೆಗಾಹರ್ಟ್ಸ್ ಪ್ರೊಸೆಸರ್ ದುರ್ಬಲವಾದರೂ ಬ್ರಾಡ್‌ಕಾಮ್ ಚಿಪ್ಪಿನಲ್ಲಿ ಎಚ್.264 ಬಿಡಿಸುವ ಸರ್ಕ್ಯೂಟ್ ಇತ್ತು. ಅದೇ ವರ್ಷ ಎಕ್ಸ್‌ಬಿಎಂಸಿ ಅದರ ಮೇಲೆ ಓಡತೊಡಗಿತು. ತಮಾಷೆಯೆಂದರೆ ಪೂರ್ಣ ಎಚ್‌ಡಿ ಸಿನಿಮಾ ಸರಾಗವಾಗಿ ತೋರಿಸುವ ಈ ಹಲಗೆ, ಹಳೆಯ ಡಿವಿಡಿಯ ಎಂಪೆಗ್-2 ಮುಂದೆ ಕೈಚೆಲ್ಲುತ್ತಿತ್ತು. ಸರ್ಕ್ಯೂಟ್ ಅಲ್ಲೇ ಇತ್ತು, ಪೇಟೆಂಟ್ ಪರವಾನಗಿ ಇರಲಿಲ್ಲ. ಎಲ್ಲ ಹಲಗೆಗೂ ಆ ಖರ್ಚು ಸೇರಿಸುವ ಬದಲು, ಬೇಕಾದವರಿಗೆ 2.40 ಪೌಂಡಿಗೆ ಒಂದು ಕೀಲಿ ಮಾರಲು ಶುರುಮಾಡಿದರು. ಯಂತ್ರದೊಳಗೆ ಇರುವ ಸಾಮರ್ಥ್ಯ ಬೇರೆ, ಅದನ್ನು ಬಳಸುವ ಅನುಮತಿ ಬೇರೆ ಎಂಬುದು ಅಲ್ಲಿಗೆ ಎಲ್ಲರಿಗೂ ಕಾಣುವಂತಾಯಿತು.

ತಂತಿಗೆ ಬಿದ್ದ ಬೀಗ

ಅದೇ 2012ರಲ್ಲಿ ಭಾರತದ ಕೇಬಲ್ ಡಿಜಿಟಲ್ ಆಗತೊಡಗಿತು. ಕೇಬಲ್ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯಂತೆ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈಗಳಿಗೆ 2012ರ ಅಕ್ಟೋಬರ್ 31 ಗಡುವು. ಚೆನ್ನೈನಲ್ಲಿ ಮಾತ್ರ ವಿಷಯ ಕೋರ್ಟಿಗೆ ಹೋಗಿ ತಡವಾಯಿತು. ಬೆಂಗಳೂರು, ಮೈಸೂರು, ಪುಣೆ, ಹೈದರಾಬಾದ್ ಸೇರಿದ 38 ನಗರಗಳಿಗೆ 2013ರ ಮಾರ್ಚ್ 31. ಚಿತ್ರ ಸ್ವಚ್ಛವಾಯಿತು, ಚಾನೆಲ್ ಹೆಚ್ಚಿದವು, ಬೇಕಾದ ಕನ್ನಡ ಚಾನೆಲ್ ಕೇಳಿ ಪಡೆಯುವ ದಾರಿಯಾಯಿತು. ಹೊರನಾಡ ಕನ್ನಡಿಗರಿಗೆ ಇದು ಸಣ್ಣ ಲಾಭವಲ್ಲ. ಆದರೆ ಸಿಗ್ನಲ್ಲು ಗೂಢಲಿಪಿಯಲ್ಲಿ ಬರತೊಡಗಿ, ಕೇಬಲ್ ಕಂಪನಿಯ ಪೆಟ್ಟಿಗೆಗೆ ಮಾತ್ರ ಅರ್ಥವಾಗತೊಡಗಿತು. ಟ್ಯೂನರ್ ಕಾರ್ಡುಗಳು ಕೆಡಲಿಲ್ಲ, ಅವುಗಳಿಗೆ ಹಿಡಿಯಲು ಏನೂ ಉಳಿಯಲಿಲ್ಲ.

ಮುಂದಿನದು ಬೇಗ ನಡೆಯಿತು. 2013ರ ಜುಲೈನಲ್ಲಿ ಗೂಗಲ್‌ನ ಕ್ರೋಮ್‌ಕಾಸ್ಟ್ ಅದೇ 35 ಡಾಲರಿಗೆ ಟೀವಿಯ ಹಿಂದೆ ಚುಚ್ಚಿಕೊಂಡಿತು. 2015ರ ವಿಂಡೋಸ್ 10ರಲ್ಲಿ ಮೀಡಿಯಾ ಸೆಂಟರ್ ಇರಲೇ ಇಲ್ಲ. 2016ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಕಂಪ್ಯೂಟರಿನಲ್ಲಿ 4ಕೆ ಕೊಡಲು ಶುರುಮಾಡಿದಾಗ, ಅದು ಸಿಗುತ್ತಿದ್ದದ್ದು ಇಂಟೆಲ್‌ನ ಏಳನೇ ಪೀಳಿಗೆಯ ಪ್ರೊಸೆಸರಿನಲ್ಲಿ, ವಿಂಡೋಸ್ 10ರ ಎಡ್ಜ್ ಬ್ರೌಸರಿನಲ್ಲಿ ಮಾತ್ರ. ಹಿಂದಿನ ವರ್ಷದ, ಎಂಟು ಕೋರಿನ ದುಬಾರಿ ಯಂತ್ರ ಇದ್ದರೂ ಹೊರಗೆ. ಅಂಗೈಯಲ್ಲಿ ಹಿಡಿಯುವ ಸ್ಟ್ರೀಮಿಂಗ್ ಪೆಟ್ಟಿಗೆಗೆ ಸಿಗುವುದು ಅದಕ್ಕೆ ಸಿಗುತ್ತಿರಲಿಲ್ಲ. 2007ರಲ್ಲಿ ಬಿಡಿಭಾಗ ಆರಿಸುವವರು ಯಾವ ಚಿಪ್ಪಿಗೆ ಯಾವ ಕೆಲಸ ಬರುತ್ತದೆ ಎಂದು ಕೇಳುತ್ತಿದ್ದರು. ಈಗ ಯಾವ ಚಿಪ್ಪಿಗೆ ಅನುಮತಿ ಇದೆ ಎಂದು ಕೇಳಬೇಕಾಯಿತು.

ಇಷ್ಟಾದ ಮೇಲೂ ಈ ಯಂತ್ರಕ್ಕೆ ಒಂದು ಕೆಲಸ ಉಳಿದಿದೆ. ಸೇವೆಗಳ ಪಟ್ಟಿಯಿಂದ ಸಿನಿಮಾಗಳು ಹೇಳದೆ ಕೇಳದೆ ಮಾಯವಾಗುತ್ತವೆ. ಹಳೆಯ ಕನ್ನಡ ಚಿತ್ರದ ವಿಡಿಯೊ ಸಿಡಿ, ಚಂದನದಿಂದ ಯಾವಾಗಲೋ ಹಿಡಿದಿಟ್ಟ ಸಂಗೀತ ಕಛೇರಿ, ಮದುವೆಯ ಡಿವಿಡಿ, ಇವು ಯಾವ ಸೇವೆಯಲ್ಲೂ ಸಿಗುವಂಥವಲ್ಲ. ಅವನ್ನು ಒಂದು ಡಿಸ್ಕಿಗೆ ಇಳಿಸಿ, ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇಟ್ಟು, ಟೀವಿಯಲ್ಲಿ ನೋಡಲು ಯಾರ ಚಂದಾವೂ ಬೇಕಿಲ್ಲ. ಇದಕ್ಕೆ ಬೇಕಾದ ಯಂತ್ರ ಈಗ ಎಂದಿಗಿಂತ ಅಗ್ಗ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಇಂಟೆಲ್‌ನ ಏಳನೇ ಪೀಳಿಗೆಯ ಬಹುತೇಕ ಕಂಪ್ಯೂಟರುಗಳಿಗೆ ವಿಂಡೋಸ್ 11 ಪ್ರವೇಶವಿಲ್ಲ. ಕಚೇರಿಗಳು ಕೈಬಿಡುವ ಆ ಪುಟ್ಟ ಪೆಟ್ಟಿಗೆಗಳಲ್ಲಿ ಎಂಪೆಗ್-2, ಎಚ್.264, 4ಕೆ ಚಿತ್ರಗಳ ಎಚ್‌ಇವಿಸಿ, ಮೂರನ್ನೂ ಬಿಡಿಸುವ ಸರ್ಕ್ಯೂಟ್ ಸುಸ್ಥಿತಿಯಲ್ಲಿದೆ. ಲಿನಕ್ಸ್ ಹಾಕಿ, ಮೇಲೆ ಕೋಡಿ ಹಾಕಿದರೆ ಸಾಕು. ಹೊಸದಾಗಿ ಕೊಳ್ಳಬೇಕಾದದ್ದು ಒಂದು ಒಳ್ಳೆಯ ಹಾರ್ಡ್ ಡಿಸ್ಕ್; ಅದರಲ್ಲಿ ಮಾತ್ರ ಜಿಪುಣತನ ಬೇಡ.